ಕೂಗಿ ಪ್ರಾರ್ಥಿಸುವವರ ಬೆಟ್ಟ

ಕಲಘಟಗಿ

ಪ್ರಾರ್ಥನೆಗೆಂದೇ ಒಂದು ಬೆಟ್ಟವಿದೆ ಎಂದು ಹೇಜಿನ್ ಫೋನಿನಲ್ಲಿ ಹೇಳಿದಾಗ ನನ್ನ ಕಣ್ಣಿಗೆ ಬಂದದ್ದು ಮರಗಳು, ಮಂಜು ಮತ್ತು ಮೌನ. ಹೋಗಿ ನೋಡಿದಾಗ ಇವುಗಳಲ್ಲಿ ಮರಗಳು ಮಾತ್ರ ಇದ್ದವು.

ಹೇಜಿನ್ ದಕ್ಷಿಣ ಕೊರಿಯಾದವಳು. ಕಟ್ಟಿಗೆಗೆ ಅರಗಿನ ಬಣ್ಣ ಹಚ್ಚುವ ಕೆಲಸದ ಬಗ್ಗೆ ಅಧ್ಯಯನ ಮಾಡುವವಳು. ಕಲಘಟಗಿಯ ತೊಟ್ಟಿಲು ತಯಾರಾಗುವುದನ್ನು ನೋಡಲು ಬಂದು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸುಮಾರು ಒಂದು ವರ್ಷ ಇದ್ದಳು. ಕನ್ನಡವನ್ನು ತೊಟ್ಟಿಲು ಮಾಡುವವರಿಂದಲೇ ಕಲಿತಳು. ಹೀಗಾಗಿ ಅವಳ ಮಾತಿನಲ್ಲಿ ಮರ್ಯಾದೆ ಬಹಳ. ನಮ್ಮ ಓಣಿಯ ನಾಯಿಗೂ ‘ಬರ್ರಿ, ಕುಂಡ್ರಿ’ ಎನ್ನುತ್ತಿದ್ದಳು. ಅವ್ವನಿಗೆ ಅವಳೆಂದರೆ ನನಗಿಂತ ಒಂದು ತೂಕ ಹೆಚ್ಚು.

ಕಲಘಟಗಿಯಲ್ಲಿ ಕ್ರೈಸ್ತರ ಮನೆಗಳು ಬಹಳ ಇಲ್ಲ. ಭಾನುವಾರ ಬೆಳಿಗ್ಗೆ ನಾವು ಬಸ್ಸು ಹತ್ತಿ ಹುಬ್ಬಳ್ಳಿಯ ಚರ್ಚಿಗೆ ಹೋಗುತ್ತೇವೆ. ಅದು ಹಳೆಯ, ಶಾಂತವಾದ ಚರ್ಚು. ಅಲ್ಲಿ ಕೆಮ್ಮು ಬಂದವರು ಬಾಯಿಗೆ ಸೆರಗು ಹಿಡಿದುಕೊಂಡು ಕೆಮ್ಮುತ್ತಾರೆ. ಸಭಾಪಾಲಕರು ಪ್ರಾರ್ಥಿಸುತ್ತಾರೆ, ನಾವು ಕೊನೆಗೆ ಆಮೆನ್ ಎನ್ನುತ್ತೇವೆ. ಅವ್ವ ಸಾಲಿಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಚರ್ಚಿನ ಹೆಂಗಸರ ಕೂಟದಲ್ಲಿ ಪ್ರಾರ್ಥನೆ ನಡೆಸುವವಳು ಅವಳೇ. ಅವಳ ಪ್ರಾರ್ಥನೆಯಲ್ಲಿ ಒಂದು ಪದ ಹೆಚ್ಚಿರುವುದಿಲ್ಲ, ಒಂದು ಪದ ಕಡಿಮೆಯಿರುವುದಿಲ್ಲ. ಇಸ್ತ್ರಿ ಮಾಡಿ ಮಡಿಚಿಟ್ಟ ಬಟ್ಟೆಯ ಹಾಗೆ ಇರುತ್ತದೆ.

ಅಪ್ಪ ತೀರಿಕೊಂಡ ಮರುವರ್ಷ ಅವ್ವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಸೂಜಿ ಹಾಕಿ ಪರೀಕ್ಷೆ ಮಾಡಿಸಿ, ಈಗ ತೆಗೆಸಿಬಿಟ್ಟರೆ ಗುಣವಾಗುತ್ತದೆ, ಬಿಟ್ಟರೆ ಮುಂದಿನದನ್ನು ನಾನು ಹೇಳಲಾರೆ ಎಂದರು. ಅವ್ವ ತಲೆಯಾಡಿಸುತ್ತ ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ಆಪರೇಶನ್ ಎನ್ನುವ ಪದವನ್ನು ಎತ್ತಗೊಡಲಿಲ್ಲ. ನಾನು ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಕಾರಣ ಹೇಳಿ ಒಪ್ಪಿಸುವುದು ನನಗೆ ಗೊತ್ತು. ಅವ್ವನ ಮುಂದೆ ಯಾವ ಕಾರಣವೂ ನಡೆಯಲಿಲ್ಲ. ಅಷ್ಟರಲ್ಲಿ ಕೊರಿಯಾಕ್ಕೆ ಮರಳಿದ್ದ ಹೇಜಿನ್‌ಳ ಫೋನು ಬಂತು. ಬೆಟ್ಟಕ್ಕೆ ಬರ್ರಿ, ಅವ್ವಾರಿಗೆ ಮನಸ್ಸು ಹಗುರ ಆಗತೈತ್ರಿ ಎಂದಳು.

“ಹೋಗೂಣು” ಎಂದಳು ಅವ್ವ ತಕ್ಷಣ. “ಅಲ್ಲೆ ಪ್ರಾರ್ಥನಾ ಮಾಡಿ ಬಂದ ಮ್ಯಾಲ ನೋಡೂಣು ನಿನ್ನ ಡಾಕ್ಟರನ್ನ.”

ನಾನು ಅದನ್ನು ಒಪ್ಪಿಗೆ ಎಂದು ತಿಳಿದು ದಸರೆ ರಜೆಗೆ ಟಿಕೆಟು ತೆಗೆಸಿದೆ.

ಎದುರುಮನೆ ಗಂಗಕ್ಕ ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟು, ಬಾಗಿಲಿನಲ್ಲಿಯೇ ನಿಂತು ಕೇಳಿದಳು. “ಅಲ್ಲರಿ ಬಾಯಾರ, ನಿಮ್ಮ ಯೇಸು ಇಲ್ಲೇ ಹುಬ್ಬಳ್ಯಾಗ ಸಿಗಂಗಿಲ್ಲನ್ರಿ? ಅವನ್ನ ನೋಡಾಕ ವಿಮಾನ ಹತ್ತಬೇಕನ್ರಿ?”

“ನೀ ವರ್ಷಾ ಬುತ್ತಿ ಕಟಗೊಂಡು ಉಳವಿಗೆ ಹೋಗಂಗಿಲ್ಲನು? ನಿಮ್ಮ ದೇವರು ಇಲ್ಲೆ ಗುಡಿಯೊಳಗ ಇಲ್ಲನು?”

“ಅದು ಬ್ಯಾರೆ ಬಿಡ್ರಿ. ಜಾಗಾ ಬದಲಾದ್ರ ದೇವರಿಗೂ ನಮ್ಮ ಮಾರಿ ಹೊಸದಾಗಿ ಕಾಣತೈತಿ.”

“ಹಾಂ, ಅದ ಮತ್ತ!” ಎಂದಳು ಅವ್ವ. ಇಬ್ಬರೂ ನಕ್ಕರು. ಅವ್ವ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಇಂಚೆಯಾನ್‌ನಿಂದ ಬೆಟ್ಟದವರೆಗೆ

ವಿಮಾನ ನಿಲ್ದಾಣದ ನುಣುಪಾದ ನೆಲದ ಮೇಲೆ, ಸದ್ದೇ ಮಾಡದ ಜನರ ನಡುವೆ, ಯಾರೋ ಗಟ್ಟಿಯಾಗಿ “ಅವ್ವಾರ! ಇಲ್ಲೆ ನೋಡ್ರಿ! ಆರಾಮ ಅದೀರೇನ್ರಿ?” ಎಂದು ಕೂಗಿದರು. ಹತ್ತು ಜನ ತಿರುಗಿ ನೋಡಿದರು. ಹೇಜಿನ್ ಓಡಿಬಂದು ಅವ್ವನ ಕಾಲು ಮುಟ್ಟಿದಳು. ಅದನ್ನೂ ಕಲಘಟಗಿಯಲ್ಲಿಯೇ ಕಲಿತದ್ದು. ನಮ್ಮ ಪೈಕಿಯಲ್ಲಿ ನಾವ್ಯಾರೂ ಹಾಗೆ ಕಾಲು ಮುಟ್ಟುವುದಿಲ್ಲ. ಅವ್ವ ಅವಳನ್ನು ಎತ್ತಿ ಅಪ್ಪಿಕೊಂಡು, “ಎಷ್ಟ ಸೊರಗೀ ಬೇ” ಎಂದಳು. ನಾನು ಪಕ್ಕದಲ್ಲಿ ಚೀಲಗಳ ಜೊತೆ ನಿಂತಿದ್ದೆ.

ಅವಳ ಕಾರಿನಲ್ಲಿ ಹೊರಟೆವು. ನಗರ ಮುಗಿದ ಮೇಲೆ ಭತ್ತದ ಗದ್ದೆಗಳು ಬಂದವು. ಹಣ್ಣಾದ ಭತ್ತ, ಅದರ ಹಿಂದೆ ಸಣ್ಣ ಗುಡ್ಡಗಳು. ನಮ್ಮ ದಾಸ್ತಿಕೊಪ್ಪದ ಕಡೆಯ ಹೊಲವನ್ನೇ ಯಾರೋ ತೊಳೆದು, ಬಾಚಿ, ಒಣಗಿಸಿ ಇಟ್ಟ ಹಾಗೆ ಕಾಣುತ್ತಿತ್ತು. ಅವ್ವ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಹೊತ್ತು ಮುಳುಗುತ್ತಿತ್ತು. ಊರುಗಳ ಮೇಲೆ, ಕಟ್ಟಡಗಳ ತುದಿಯಲ್ಲಿ, ಒಂದೊಂದೇ ಕೆಂಪು ದೀಪದ ಶಿಲುಬೆಗಳು ಹೊತ್ತಿಕೊಳ್ಳತೊಡಗಿದವು. ಒಂದು ಊರಿನಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ.

“ಕೃಪಾ” ಎಂದು ಅವ್ವ ಮೆಲ್ಲಗೆ ಕರೆದಳು. “ಈ ದೇಶದಾಗ ಇಷ್ಟ ಮಂದಿಗೆ ಜಡ್ಡು ಐತನು? ಎಷ್ಟ ದವಾಖಾನಿ ಅದಾವ ನೋಡು.”

“ದವಾಖಾನಿ ಅಲ್ರಿ ಅವ್ವಾರ, ಚರ್ಚು!” ಎಂದು ಹೇಜಿನ್ ಮುಂದಿನಿಂದ ನಕ್ಕಳು.

ನಮ್ಮ ಚರ್ಚಿನ ಶಿಲುಬೆ ಕಲ್ಲಿನದು. ಅದಕ್ಕೆ ದೀಪ ಹಚ್ಚುವುದಿರಲಿ, ಸುಣ್ಣ ಹಚ್ಚುವುದಕ್ಕೂ ಸಭೆ ಸೇರಿ ಚರ್ಚೆಯಾಗುತ್ತದೆ. ದೇವರ ಮನೆಯ ಗುರುತನ್ನು ಬಟ್ಟೆ ಅಂಗಡಿಯ ಬೋರ್ಡಿನ ಹಾಗೆ ಹೊಳೆಸಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ನನ್ನನ್ನು ಕಾಡಿದ್ದು ಅದಲ್ಲ. ದವಾಖಾನೆ ಎನ್ನುವ ಪದ ಬಾಯಿಂದ ಬಂದ ಕೂಡಲೇ ಅವ್ವನ ಕೈ ಗಂಟಲಿಗೆ ಹೋಗಿತ್ತು. ಚರ್ಚು ಎಂದು ತಿಳಿದ ಮೇಲೂ ಅದು ಅಲ್ಲಿಂದ ಇಳಿಯಲಿಲ್ಲ.

ಹೆಂಗಸರ ಕೋಣೆ

ಬೆಟ್ಟದ ಬುಡದಲ್ಲಿ ಕಚೇರಿ ಇತ್ತು. ಅಲ್ಲಿ ಕೂತಿದ್ದ ಹೆಂಗಸು ನಮ್ಮ ಹೆಸರು ಬರೆದುಕೊಂಡು ಏನೋ ಕೇಳಿದಳು. ಹೇಜಿನ್ ತಿರುಗಿ ಹೇಳಿದಳು. “ಎಷ್ಟ ಊಟಾ ಬಿಡ್ತೀರಿ ಅಂತ ಕೇಳ್ತಾರ್ರಿ.”

ನನಗೆ ತಿಳಿಯಲಿಲ್ಲ. ಲಾಜಿನಲ್ಲಿ ಎಷ್ಟು ಊಟ ಬೇಕು ಎಂದು ಕೇಳುವುದು ಗೊತ್ತು. ಎಷ್ಟು ಬಿಡುತ್ತೀರಿ ಎಂದು ಕೇಳಿದ್ದು ಇದೇ ಮೊದಲು. ಇಲ್ಲಿಗೆ ಬರುವ ಬಹಳಷ್ಟು ಜನ ಉಪವಾಸಕ್ಕೆಂದೇ ಬರುತ್ತಾರಂತೆ. ಮೂರು ದಿನದವರಿದ್ದರು, ವಾರದವರಿದ್ದರು. ನಾವು ಏನನ್ನೂ ಬಿಡುವುದಿಲ್ಲ ಎಂದಾಗ ಆ ಹೆಂಗಸು ಒಂದು ಕ್ಷಣ ಪೆನ್ನು ಎತ್ತಿ ನಮ್ಮನ್ನು ನೋಡಿದಳು.

ಹೆಂಗಸರ ಕೋಣೆ ಒಂದೇ ಒಂದು ದೊಡ್ಡ ಹಾಲು. ಚಪ್ಪಲಿ ಬಾಗಿಲಾಚೆ ಬಿಡಬೇಕು. ಮಂಚವಿಲ್ಲ. ನೆಲದ ಅಡಿಯಿಂದ ಬಿಸಿ ಬರುತ್ತದೆ, ಅದರ ಮೇಲೆ ತೆಳುವಾದ ಗಾದಿ ಹಾಸಿಕೊಂಡು ಮಲಗಬೇಕು. ಅವ್ವ ಕೈ ಊರಿ ನೋಡಿ, “ಒಲಿ ಕಟ್ಟಿ ಮ್ಯಾಲ ಬೆಕ್ಕು ಮಲಗಿದಂಗ ಮಲಗೂದು” ಎಂದು ಖುಷಿಪಟ್ಟಳು.

ಮರುದಿನ ಬೆಳಿಗ್ಗೆ ಹಸಿವಾಯಿತು. ಹಾಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಒರಗಿದ್ದರು. ತುಟಿ ಒಣಗಿದವರು, ಮುಖ ಬಿಳಿಚಿದವರು. ನಾನು ಗೋಡೆಯ ಕಡೆ ತಿರುಗಿ ಗಂಗಕ್ಕನ ಡಬ್ಬಿ ತೆರೆದು, ರೊಟ್ಟಿಯ ಒಂದು ತುಂಡು ಮುರಿದೆ.

ಕಡಕ್ ರೊಟ್ಟಿ ಹೇಗೆ ಮುರಿಯುತ್ತದೆ ಎಂದು ಈ ಕಡೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಆ ಸದ್ದು ಗೋಡೆಗೆ ಬಡಿದು ವಾಪಸು ಬಂತು. ಇಡೀ ಹಾಲು ಕಣ್ಣು ತೆರೆಯಿತು. ಮೆತ್ತಗಾಗಲಿ ಎಂದು ಬಾಯಲ್ಲಿಟ್ಟುಕೊಂಡು ಅಲುಗಾಡದೆ ಕೂತೆ. ಅದು ಮೆತ್ತಗಾಗುವ ರೊಟ್ಟಿಯಲ್ಲ. ಕೊನೆಗೆ ಅಗಿದೆ. ಅದು ಇನ್ನೂ ದೊಡ್ಡ ಸದ್ದು.

ಪಕ್ಕದ ಗಾದಿಯ ಮುದುಕಿಯೊಬ್ಬಳು ಎದ್ದು ಕೂತಳು. ವಾರದ ಉಪವಾಸದವಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಹತ್ತಿರ ಸರಿದು, ರೊಟ್ಟಿಯನ್ನು ಎತ್ತಿ ಮೂಸಿ ನೋಡಿ, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿ, ಎರಡೂ ಕೈಯಿಂದ ವಾಪಸು ಕೊಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಲಿನ ತುಂಬ ನಗು ಎದ್ದಿತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಮಾನಾ ಕಳದಿ ನೋಡಲೇ” ಎಂದಳು.

ಸ್ನಾನದ ಮನೆಯ ಬಗ್ಗೆ ಹೆಚ್ಚು ಬರೆಯಲಾರೆ. ಅಲ್ಲಿ ನಡುವೆ ಗೋಡೆಗಳಿರಲಿಲ್ಲ, ಪರದೆಯಿರಲಿಲ್ಲ, ಯಾರಿಗೂ ಅವುಗಳ ಕೊರತೆಯೂ ಇರಲಿಲ್ಲ. ಅಜ್ಜಿಯಂದಿರು ಒಬ್ಬರ ಬೆನ್ನನ್ನು ಒಬ್ಬರು ತಿಕ್ಕುತ್ತ ಹರಟೆ ಹೊಡೆಯುತ್ತಿದ್ದರು. ನಾನು ಬಾಗಿಲಿನಿಂದಲೇ ತಿರುಗಿ ಬಂದು, ಅಲ್ಲಿದ್ದಷ್ಟು ದಿನ ಕೈಕಾಲು ಮುಖ ಮಾತ್ರ ತೊಳೆದುಕೊಂಡೆ. ಅವ್ವ ಹಳ್ಳಕ್ಕೆ ಹೋದವರ ಹಾಗೆ ಸೀರೆಯಲ್ಲಿಯೇ ಒಳಗೆ ಹೋಗಿ, ಸೀರೆಯಲ್ಲಿಯೇ ತೊಯ್ದು ಬಂದಳು. ಅಜ್ಜಿಯಂದಿರು ಅವಳ ಬೆನ್ನನ್ನೂ ತಿಕ್ಕಿದರಂತೆ, ಸೀರೆಯ ಮೇಲಿನಿಂದಲೇ.

ದೊಡ್ಡ ಸಭಾಂಗಣ

ಸಭಾಂಗಣ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಷ್ಟು ದೊಡ್ಡದು. ನೆಲದ ಮೇಲೆ ಸಾಲಾಗಿ ದಿಂಬುಗಳು. ಹೇಜಿನ್ ಒಂದು ಬದಿಗೆ, ನಾನು ಒಂದು ಬದಿಗೆ, ಅವ್ವ ನಡುವೆ. ಮೊದಲು ಹಾಡು. ಪದ ತಿಳಿಯದಿದ್ದರೂ ರಾಗ ನಮ್ಮದೇ ಚರ್ಚಿನದು. ಅವ್ವ ಕನ್ನಡದಲ್ಲಿ ಹಾಡಿದಳು. ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆ. ನಾನು ಹುಡುಕಿಕೊಂಡು ಬಂದ ತಂಪು ಇದೇ ಇರಬೇಕು.

ಹಾಡು ಮುಗಿಯಿತು. ವೇದಿಕೆಯ ಮೇಲಿದ್ದ ವ್ಯಕ್ತಿ ಎರಡೂ ಕೈ ಎತ್ತಿ “ಜುಯೋ!” ಎಂದ. ಕರ್ತನೇ ಎಂದು ಅರ್ಥ. ಜನ ಮೂರು ಸಲ ಅದನ್ನೇ ಕೂಗಿದರು. ಮೂರನೆಯ ಕೂಗಿನ ಬೆನ್ನಿಗೇ ಚಾವಣಿ ಕುಸಿದು ಬಿತ್ತು ಎಂದು ನಾನು ನಿಜವಾಗಿಯೂ ತಲೆ ಬಗ್ಗಿಸಿದೆ.

ಚಾವಣಿ ಬಿದ್ದಿರಲಿಲ್ಲ. ಸಾವಿರಾರು ಜನ ಒಟ್ಟಿಗೆ, ಒಬ್ಬೊಬ್ಬರೂ ತಮ್ಮತಮ್ಮ ಪ್ರಾರ್ಥನೆಯನ್ನು, ಗಂಟಲು ಹರಿಯುವ ಹಾಗೆ ಕೂಗತೊಡಗಿದ್ದರು. ಸಂತೆಯ ನಡುವೆ ಏಕಾಏಕಿ ಆಣೆಕಲ್ಲು ಮಳೆ ಬಿದ್ದರೆ ಏಳುವ ಗದ್ದಲವನ್ನು ನೆನೆಸಿಕೊಳ್ಳಿ. ಅದು ನಿಲ್ಲುವುದೇ ಇಲ್ಲ ಎಂದುಕೊಳ್ಳಿ. ನನ್ನ ಮುಂದೆ ಕೋಟು ಟೈ ಹಾಕಿದ ಗಂಡಸೊಬ್ಬ ಎದೆ ಬಡಿದುಕೊಳ್ಳುತ್ತಿದ್ದ. ರೊಟ್ಟಿ ಮೂಸಿದ ಮುದುಕಿ ನೆಲಕ್ಕೆ ಕೈ ಬಡಿದು ಬಡಿದು ಯಾರನ್ನೋ ಬೈಯುತ್ತಿದ್ದಳು. ದೇವರನ್ನೇ ಇರಬೇಕು. ಹೇಜಿನ್‌ಳ ಕುತ್ತಿಗೆಯ ನರಗಳು ಉಬ್ಬಿದ್ದವು. ಒಂದು ವರ್ಷ ನಮ್ಮ ಮನೆಯಲ್ಲಿದ್ದವಳು ಇವಳೇನಾ ಎನಿಸಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅವ್ವ ಬಾಯಿ ತೆರೆದುಕೊಂಡು ಸುತ್ತಲೂ ನೋಡುತ್ತಿದ್ದಳು.

ಎಷ್ಟೋ ಹೊತ್ತಿನ ಮೇಲೆ ಗಂಟೆ ಹೊಡೆಯಿತು. ಒಂದೇ ಕ್ಷಣದಲ್ಲಿ ನಲ್ಲಿ ತಿರುಗಿಸಿದ ಹಾಗೆ ಗದ್ದಲ ನಿಂತಿತು. ಎದೆ ಬಡಿದುಕೊಂಡವನು ಟೈ ಸರಿಮಾಡಿಕೊಂಡ. ಮುದುಕಿ ಮೂಗು ಒರೆಸಿಕೊಂಡು, ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ಕೂಗಿಗಿಂತ ಈ ನಿಲ್ಲುವಿಕೆಯೇ ನನ್ನನ್ನು ಹೆಚ್ಚು ಬೆಚ್ಚಿಸಿತು.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು. “ಅಲ್ಲಾ ಹೇಜಿ, ದೇವರಿಗೆ ಕಿವಿ ಮಂದ ಆಗ್ಯಾವನು?”

“ದೇವರಿಗೆ ಕೇಳಲಿ ಅಂತ ಅಲ್ರಿ ಅವ್ವಾರ. ಮಂದಿಗೆ ಕೇಳಬಾರದು ಅಂತ್ರಿ. ಸಣ್ಣ ದನೀಲೆ ಮಾತಾಡಿದ್ರ ಬಾಜುದಾಕಿ ಕಿವಿ ಕೊಡತಾಳ. ಎಲ್ಲಾರೂ ಕೂಗಿದ್ರ ಯಾರದು ಯಾರಿಗೂ ಕೇಳಂಗಿಲ್ರಿ. ಒಳಗಿಂದು ಏನ ಇದ್ರೂ ಹೇಳಬಹುದ್ರಿ.”

ಅವ್ವ ಮಧ್ಯಾಹ್ನವೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದಳು ಎಂದು ಈಗ ಅನಿಸುತ್ತದೆ.

ಗುಡ್ಡದೊಳಗಿನ ಕೋಣೆಗಳು

ಬೆಟ್ಟದ ಇಳಿಜಾರಿನಲ್ಲಿ ಒಬ್ಬೊಬ್ಬರೇ ಕೂತು ಪ್ರಾರ್ಥಿಸಲು ಸಣ್ಣ ಕೋಣೆಗಳಿವೆ. ಬಗ್ಗಿ ಒಳಗೆ ಹೋಗಬೇಕು. ಒಂದು ದಿಂಬು, ಒಂದು ದೀಪ, ಒಂದು ಚಿಲಕ. ಕೊನೆಗೂ ನನಗಾಗಿ ಮಾಡಿದ ಜಾಗ ಎಂದು ಒಂದರಲ್ಲಿ ಹೊಕ್ಕು ಕೂತೆ. ಪಕ್ಕದ ಕೋಣೆಯಲ್ಲಿ ಯಾರೋ ಬಿಕ್ಕಿಬಿಕ್ಕಿ ಅಳುತ್ತಿರುವುದು ಗೋಡೆಯಿಂದ ಬರುತ್ತಿತ್ತು. ಅದನ್ನು ಕೇಳಿಸಿಕೊಳ್ಳಬಾರದು ಎಂದು ಪ್ರಯತ್ನಿಸುವುದರಲ್ಲಿಯೇ ಹೊತ್ತು ಹೋಯಿತು, ಪ್ರಾರ್ಥನೆ ಆಗಲಿಲ್ಲ.

ಹೊರಗೆ ಬಂದು ಅವ್ವನನ್ನು ಹುಡುಕಿದೆ. ಎರಡು ಬಾಗಿಲು ಆಚೆ ಇದ್ದಳು. ಚಿಲಕ ಹಾಕಿರಲಿಲ್ಲ. ಪ್ರಾರ್ಥಿಸುತ್ತಿರಲಿಲ್ಲ. ದಿಂಬನ್ನು ತಲೆಗಿಟ್ಟುಕೊಂಡು, ಕಾಲು ನೀಡಿ, ಎದೆಯ ಮೇಲೆ ಕೈ ಜೋಡಿಸಿ ಮಲಗಿದ್ದಳು. ನನ್ನನ್ನು ನೋಡಿ ಮುಗುಳ್ನಕ್ಕಳು.

“ಅಗದಿ ಆರಾಮ ಐತಿ ನೋಡು ಇಲ್ಲೆ. ಮನಷ್ಯಾಗ ಇಷ್ಟ ಜಾಗಾ ಸಾಕು.”

“ಏಳು, ಹೊತ್ತಾತು” ಎಂದು ಮಾತ್ರ ಅಂದೆ. ನಮ್ಮ ಮನೆಯಲ್ಲಿ ಇಂಥದಕ್ಕೆ ಹೀಗೆಯೇ ಉತ್ತರಿಸುತ್ತೇವೆ. ಅಪ್ಪ ಹೋದಾಗಲೂ ನಾವಿಬ್ಬರು ಊಟದ ಹೊತ್ತಿನ ಬಗ್ಗೆ, ಗ್ಯಾಸ್ ಸಿಲಿಂಡರಿನ ಬಗ್ಗೆ ಮಾತಾಡಿಕೊಂಡೇ ಆ ತಿಂಗಳುಗಳನ್ನು ದಾಟಿದ್ದೆವು.

ಸಭಾಂಗಣ, ಇನ್ನೊಂದು ಬೆಳಿಗ್ಗೆ

ಈ ಸಲ ಸಿದ್ಧಳಾಗಿ ಹೋಗಿದ್ದೆ. ಕೂಗು ಶುರುವಾದ ಕೂಡಲೇ ಕಣ್ಣು ಮುಚ್ಚಿ, ಹೊಳೆಯ ದಂಡೆಯಲ್ಲಿ ಕೂತಿದ್ದೇನೆ ಎಂದುಕೊಂಡೆ. ನಿಜಕ್ಕೂ ಅದು ಹೊಳೆಯ ಹಾಗೆಯೇ ಆಯಿತು. ತಿಳಿಯದ ಭಾಷೆಯ ಒಂದೇ ಮೊರೆತ. ಆ ಮೊರೆತದೊಳಗೆ, ನನ್ನ ಎಡ ಮಗ್ಗುಲಲ್ಲಿ, ಕನ್ನಡ ಕೇಳಿಸಿತು.

ಮೊದಲು ಚರ್ಚಿನ ಕನ್ನಡ. “ಪರಲೋಕದ ತಂದೆಯೇ, ನಿನ್ನ ಪಾದಸನ್ನಿಧಿಗೆ ಬಂದಿದ್ದೇವೆ” ಎಂದು, ಹೆಂಗಸರ ಕೂಟದಲ್ಲಿ ಹೇಳುವ ಹಾಗೆ. ಅಲ್ಲಿಗೆ ಒಮ್ಮೆ ನಿಂತಿತು. ಆಮೇಲೆ ಬಂದದ್ದು ನಾನು ಎಂದೂ ಕೇಳದ ಧ್ವನಿ.

“ನಿನಗ ಗೊತ್ತೈತೆಲ್ಲೋ! ನನಗ ಸಾಕಾಗೇತಿ! ಅವರು ಹೋದ ಮ್ಯಾಲ ಮನಿ ಮನಿಯಾಗಿ ಉಳದಿಲ್ಲ. ನೀ ಈ ಗಡ್ಡಿ ಕೊಟ್ಟಿ, ನಾ ಬ್ಯಾಡ ಅನಲಿಲ್ಲ. ಬಾಗಲಾ ತೆರದಿ ಅಂತ ತಿಳಕೊಂಡೆ. ಈಗ ಈಕಿ ನಡಕ ನಿಂತು ಬಾಗಲಾ ಹಾಕಾಕ ಹತ್ಯಾಳ. ಆಪರೇಶನ್ ಅಂತಾಳ. ಈಕಿಗೆ ಹೆಂಗ ಹೇಳ್ಲಿ? ನಾ ಇರೂ ತನಕಾ ಈಕಿ ಎಲ್ಲೂ ಹೋಗಾಕಿಲ್ಲ. ಮದಿವಿ ಒಲ್ಲೆ ಅಂದ್ಲು. ಬೆಳಗಾವಿ ನೌಕರಿ ಒಲ್ಲೆ ಅಂದ್ಲು. ಹೊಲಾ ಕಾಯ್ದಂಗ ನನ್ನ ಕಾಯಕೋತ ಕುಂತಾಳ. ನನ್ನ ಕರಕೊಂಡ ಬಿಡೋ. ಈಕೀನ್ನ ಬಿಡಸು!”

ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ನಾನು ಕೇಳಿಸಿಕೊಂಡದ್ದು ಅವಳಿಗೆ ತಿಳಿಯುತ್ತದೆ. ಅವ್ವ ಆಪರೇಶನ್ನಿಗೆ ಹೆದರಿದ್ದಾಳೆ ಎಂದು ಇಷ್ಟು ದಿನ ತಿಳಿದಿದ್ದೆ. ಹೆದರಿಕೆಗೆ ನನ್ನ ಹತ್ತಿರ ಉತ್ತರಗಳಿದ್ದವು. ಅವಳು ಹೆದರಿರಲಿಲ್ಲ. ಅವಳು ಹೊರಟಿದ್ದಳು. ಬಾಗಿಲಲ್ಲಿ ಅಡ್ಡ ನಿಂತವಳು ನಾನು.

ಗಂಟೆಯಾಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲರ ಹಾಗೆಯೇ, “ನಡಿ, ಚಾ ಕುಡಿಯೂಣು” ಎಂದಳು. ಮುಖ ನಿರಾಳವಾಗಿತ್ತು.

ಚಹಾದ ಕಟ್ಟೆ

ಅವ್ವ ಅಜ್ಜಿಯಂದಿರ ಜೊತೆ ಬಿಸಿಲಿಗೆ ಕೂತಾಗ ಹೇಜಿನ್ ನನ್ನ ಹತ್ತಿರ ಬಂದಳು. ನಾನು ಅವಳನ್ನು ಏನೂ ವಿಚಾರಿಸಿರಲಿಲ್ಲ.

“ನಾ ಏನೂ ಕೇಳಿಲ್ರಿ ಅಕ್ಕಾರ” ಎಂದಳು.

ಅವಳನ್ನೇ ನೋಡಿದೆ. ಅವ್ವನ ಇನ್ನೊಂದು ಮಗ್ಗುಲಿಗೆ ಕೂತಿದ್ದವಳು ಇವಳೇ. ಆ ಬೆಟ್ಟದಲ್ಲಿ ಕನ್ನಡ ತಿಳಿಯುವ ಮೂರನೆಯವಳು. ಅವಳ ಕಣ್ಣುಗಳು ಕೆಂಪಾಗಿದ್ದವು.

“ನೀನ ಹೇಳು ಆಕಿಗೆ” ಎಂದೆ. “ನೀ ಹೇಳಿದ್ರ ಕೇಳತಾಳ.”

“ಛೇ ಛೇ. ಇಲ್ಲೆ ಹಂಗ ಮಾಡೂ ಹಂಗಿಲ್ರಿ. ಒಳಗ ಕೂಗಿದ್ದನ್ನ ಹೊರಗ ತಂದು ಮಾತಾಡಬಾರದ್ರಿ. ಹಂಗ ಮಾಡಿದ್ರ ನಾಳಿಂದ ಯಾರೂ ಬಾಯಿ ಬಿಡಂಗಿಲ್ಲ.”

“ಮತ್ತ ನಾ ಏನ ಮಾಡ್ಲಿ? ಸುಮ್ಮನ ಊರಿಗೆ ಕರಕೊಂಡ ಹೋಗಿ ನೋಡಕೋತ ಕುಂಡ್ರಲೇನು?”

ಹೇಜಿನ್ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದಳು. “ಹೊರಗ ಹೇಳಬಾರದ್ರಿ. ಒಳಗ ಹೇಳಬಹುದ್ರಿ. ನಮ್ಮ ಅವ್ವ ನನ್ನ ಕೂಡ ಭಾಳ ದಿನಾ ಮಾತ ಬಿಟ್ಟಿದ್ಲು. ಇಲ್ಲೆ ಬಂದು ಬಾಜುಬಾಜು ಕುಂತು ಆಕಿ ದೇವರಿಗೆ ನನ್ನ ಚಾಡಿ ಹೇಳಿದ್ಲು, ನಾ ದೇವರಿಗೆ ಆಕಿ ಚಾಡಿ ಹೇಳಿದೆ. ಇಬ್ಬರೂ ಕೇಳಿದ್ವಿ. ಹೊರಗ ಬಂದು ಇಬ್ಬರೂ ಬಿಸಿ ನೂಡಲ್ಸ್ ತಿಂದ್ವಿ. ಅಷ್ಟ ರಿ.”

“ನನಗ ಅದು ಆಗೂದಲ್ಲ ಹೇಜಿ.”

“ಅದು ಯಾರಿಗೂ ಆಗೂದಲ್ರಿ ಅಕ್ಕಾರ. ಅದಕ್ಕ ಎಲ್ಲಾರೂ ಒಮ್ಮೆಲೆ ಕೂಗ್ತಾರ.”

ಹೊರಡುವ ದಿನದ ಸಭೆ

ತರಗತಿಯಲ್ಲಿ ನಾನು ಹಾಜರಿ ಕರೆದರೆ ಹಿಂದಿನ ಬೆಂಚಿನವರು “ಮೇಡಂ, ಕೇಳವಲ್ದ್ರಿ” ಎನ್ನುತ್ತಾರೆ. ನನ್ನ ಧ್ವನಿ ಅಷ್ಟೇ. ಜುಯೋ ಎಂದು ಮೂರು ಸಲ ಎಲ್ಲರೂ ಕೂಗಿದಾಗ ನನ್ನ ಬಾಯಿ ತೆರೆಯಿತು, ಸದ್ದು ಹೊರಡಲಿಲ್ಲ. ಪಕ್ಕದಲ್ಲಿ ಅವ್ವ ಆಗಲೇ ಶುರುಮಾಡಿದ್ದಳು. ಇಂದು ಚರ್ಚಿನ ಕನ್ನಡದ ಪೀಠಿಕೆಯೂ ಇರಲಿಲ್ಲ. “ಇವತ್ತ ಊರಿಗೆ ಹೊಂಟೇವಿ. ಈಕಿ ಮತ್ತ ಡಾಕ್ಟರು ಅಂತಾಳ. ನೀನ ಈಕಿ ಬಾಯಿ ಕಟ್ಟು...”

“ಕರ್ತನೇ!” ಎಂದೆ. ಅದು ನನ್ನ ಧ್ವನಿ ಎಂದು ನನಗೇ ತಿಳಿಯಲಿಲ್ಲ. “ಈ ಹೆಣ್ಮಗಳು ನಿನಗ ಸುಳ್ಳ ಹೇಳಾಕ ಹತ್ಯಾಳ!”

ಅವ್ವನ ಮಾತು ಫಕ್ಕನೆ ನಿಂತಿತು. ನಾನು ಅವಳ ಕಡೆ ತಿರುಗಲಿಲ್ಲ. ವೇದಿಕೆಯ ಮೇಲಿನ ಶಿಲುಬೆಯನ್ನೇ ನೋಡುತ್ತ ಕೂಗಿದೆ. “ನಾ ಆಕೀನ್ನ ಕಾಯಕೋತ ಕುಂತಿಲ್ಲ! ಬೆಳಗಾವಿ ನೌಕರಿ ಬಿಟ್ಟಿದ್ದು ನನಗ ಬ್ಯಾಡಾಗಿತ್ತು ಅಂತ! ಆ ಹುಡುಗನ್ನ ಒಲ್ಲೆ ಅಂದಿದ್ದು ಅಂವ ತನ್ನ ಕಾರಿನ ಮಾತು ಬಿಟ್ಟು ಬ್ಯಾರೆ ಮಾತ ಆಡಲಿಲ್ಲ ಅಂತ! ನನಗ ಕಲಘಟಗಿ ಸೇರತೈತಿ. ನನ್ನ ಕೋಣಿ, ನನ್ನ ಪುಸ್ತಕ, ನನ್ನ ಪಾಡಿಗೆ ನಾ ಇರೂದು ಸೇರತೈತಿ. ಆಕಿ ಒಂದ ಸಲ ಕೇಳಿದ್ರ ಹೇಳತಿದ್ದೆ. ಕೇಳಲೇ ಇಲ್ಲ!”

“ಈಕಿ ಮಾತ ಕೇಳಬ್ಯಾಡೋ ತಂದೆ!” ಎಂದು ಪಕ್ಕದಿಂದ ಅವ್ವ ಕೂಗಿದಳು. ಅವಳೂ ಶಿಲುಬೆಯ ಕಡೆಯೇ ನೋಡುತ್ತಿದ್ದಳು. “ಸಣ್ಣಾಕಿ ಇದ್ದಾಗಿಂದ ಹಿಂಗ! ನೋವಾದ್ರ ನೋವು ಅನ್ನಾಕಿಲ್ಲ! ನನ್ನ ಸಮಾಧಾನಕ್ಕ ಹೇಳತಾಳ!”

“ಆಕೀದ ಕೇಳಬ್ಯಾಡ! ನೋವು ಅನ್ನೂದು ಆಕಿಗೆ ಬರತೈತೇನು ಕೇಳು! ಅಪ್ಪ ಹೋದಾಗ ಒಂದ ಹನಿ ಕಣ್ಣೀರ ಹಾಕ್ಲಿಲ್ಲ. ಆಕಿ ಅಳಲಿಲ್ಲ ಅಂತ ನಾನೂ ಅಳಲಿಲ್ಲ!”

“ನಾ ಅತ್ತಿದ್ರ ಈಕಿ ಕುಸದ ಬಿಡತಿದ್ಲು!”

“ಕುಸದ್ರ ಕುಸೀತಿದ್ದೆ! ಇಬ್ಬರೂ ಕೂಡೇ ಕುಸೀತಿದ್ವಿ! ಆಕಿಗೆ ಸಾಕಾಗಿದ್ರ ಸಾಕಾಗೇತಿ ಅಂತ ನನ್ನ ಮುಂದ ಹೇಳ್ಲಿ. ನಾ ಕೇಳತೀನಿ. ಆದ್ರ ತನ್ನ ಸಾವಿಗೆ ನನ್ನನ್ನ ಕಾರಣಾ ಮಾಡಬಾರದು. ಆಕಿಗೆ ಹೇಳು...”

ಕಣ್ಣೀರು ಎಲ್ಲಿಂದ ಬಂತೋ, ಮುಂದಿನದು ಕಾಣುತ್ತಿರಲಿಲ್ಲ. ಗಂಟೆ ಬಾರಿಸಿದ್ದು ನನಗೆ ಕೇಳಿಸಲೇ ಇಲ್ಲ.

“...ನನ್ನ ಹೆಸರ ಹೇಳಿ ಸಾಯಬ್ಯಾಡ ಅಂತ ಹೇಳು ಆಕಿಗೆ!”

ಸಾವಿರಾರು ಜನ ಬಾಯಿ ಮುಚ್ಚಿದ್ದರು. ಆ ಅಷ್ಟು ದೊಡ್ಡ ಸಭಾಂಗಣದಲ್ಲಿ ನನ್ನ ಧ್ವನಿಯೊಂದೇ ಉಳಿದಿತ್ತು. ಕೋಟಿನ ಗಂಡಸು ತಿರುಗಿದ. ಸಾಲುಸಾಲು ತಲೆಗಳು ತಿರುಗಿದವು. ನೆಲ ಬಾಯಿಬಿಟ್ಟರೆ ಒಳಗೆ ಹೋಗುವುದಕ್ಕೆ ನಾನು ತಯಾರಿದ್ದೆ. ವೇದಿಕೆಯ ಮೇಲಿನ ವ್ಯಕ್ತಿ ನನ್ನನ್ನೇ ನೋಡುತ್ತ, ಒಂದು ಅಕ್ಷರವೂ ತಿಳಿಯದೆ, ಬಹಳ ಗಂಭೀರವಾಗಿ ತಲೆ ಬಾಗಿಸಿ ಹೇಳಿದ.

“ಆಮೆನ್.”

“ಆಮೆನ್” ಎಂದಿತು ಇಡೀ ಸಭೆ, ಒಂದೇ ಧ್ವನಿಯಲ್ಲಿ. ಮುದುಕಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ಹೇಜಿನ್ ಅಳುತ್ತಲೇ ಹೇಳಿದಳು. ಅವ್ವ ಮಾತ್ರ ತುಟಿ ಬಿಗಿದು ಕೂತಿದ್ದಳು. ಎಲ್ಲರ ಸದ್ದು ಅಡಗಿದ ಮೇಲೆ ನೆಲ ನೋಡುತ್ತ, ಯಾರಿಗೋ ಒಲ್ಲದ ಮನಸ್ಸಿನಿಂದ ಬಾಗಿಲು ತೆರೆದವಳ ಹಾಗೆ, ಅವಳೂ ಅಂದಳು.

ನನ್ನ ಕಡೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಜನ ಎದ್ದು ಹೊರಗೆ ಹೋದರು. ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳ ನಡುವೆ ಅವ್ವ ತನ್ನದನ್ನು ಕಾಲಿನಿಂದಲೇ ಹುಡುಕುತ್ತ, ಕೂಗಿ ಕೂಗಿ ಒಡೆದುಹೋದ ಗಂಟಲಲ್ಲಿ ಕೇಳಿದಳು.

“ಆ ಡಾಕ್ಟರು ಸೋಮವಾರ ಇರ್ತಾರನು?”

“ಇರ್ತಾರ” ಎಂದೆ.

“ಇಷ್ಟ ಮಂದಿ ಆಮೆನ್ ಅಂದಬಿಟ್ರಲಾ” ಎಂದು ಗೊಣಗಿದಳು ಅವ್ವ. “ಇನ್ನ ಹೆಂಗ ಒಲ್ಲೆ ಅನ್ಲಿ?”